ಬೂಸ್ಟರ್ ಹಾಕಿದರೆ ಫೋನಿಗೆ ಫುಲ್ ಸಿಗ್ನಲ್ ಬರುತ್ತದೆಯೇ?

“ಈ ಆ್ಯಪ್ ಹಾಕಿಕೊಳ್ಳಿ, ಮೂಲೆ ಕೋಣೆಯಲ್ಲೂ ಫುಲ್ ನೆಟ್‌ವರ್ಕ್”, “ಈ ಪುಟ್ಟ ಬಾಕ್ಸ್ ತಂದಿಟ್ಟರೆ ಇಡೀ ಮನೆಗೆ ಸಿಗ್ನಲ್” ಎಂಬಂಥ ಸಂದೇಶಗಳು ನಮ್ಮೆಲ್ಲರ ಫೋನಿಗೂ ಬರುತ್ತಿರುತ್ತವೆ. ಸದ್ದು ಕಡಿಮೆಯಾದರೆ ವಾಲ್ಯೂಮ್ ಏರಿಸುತ್ತೇವೆ, ಸಿಗ್ನಲ್ಲನ್ನೂ ಹಾಗೇ ಏರಿಸಬಾರದೇಕೆ?

ಏರಿಸಬಹುದು. ಆದರೆ ಅದರ ಜೊತೆಗೆ ಗದ್ದಲವೂ ಏರುತ್ತದೆ.

ಗದ್ದಲ ಎಲ್ಲಿಂದ ಬರುತ್ತದೆ?

ಫೋನಿನೊಳಗಿನ ತಂತಿ, ಚಿಪ್ ಎಲ್ಲದರಲ್ಲೂ ಎಲೆಕ್ಟ್ರಾನ್‌ಗಳಿವೆ. ಬಿಸಿಯಿರುವ ಕಡೆಯೆಲ್ಲ ಅವು ಸುಮ್ಮನೆ ಕೂರುವುದಿಲ್ಲ, ಅಡ್ಡಾದಿಡ್ಡಿ ಓಡಾಡುತ್ತವೆ. ಆ ಓಡಾಟದಿಂದ ಹುಟ್ಟುವ ಪುಟಾಣಿ ವಿದ್ಯುತ್ ಏರಿಳಿತವೇ ‘ಉಷ್ಣ ಗದ್ದಲ’. ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಲೆಕ್ಕ ಕೊಟ್ಟರು. ಇಬ್ಬರ ಬರಹಗಳೂ 1928ರಲ್ಲಿ ಪ್ರಕಟವಾದವು. ಇದು ಕಳಪೆ ಫೋನಿನ ದೋಷವಲ್ಲ, ಎಷ್ಟೇ ದುಬಾರಿ ಫೋನಿನಲ್ಲೂ ಇರುತ್ತದೆ.

ಈ ಗದ್ದಲ ತೀರಾ ಸಣ್ಣದು. 4ಜಿ ಫೋನಿನಲ್ಲಿ ಇದು ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲಿಗಿಂತಲೂ ಕಡಿಮೆ. ತೊಂದರೆ ಏನೆಂದರೆ, ದೂರದ ಟವರಿನಿಂದ ಗೋಡೆ ದಾಟಿ ಬರುವ ಸಿಗ್ನಲ್ಲೂ ಅಷ್ಟೇ ಕ್ಷೀಣವಾಗಿರಬಹುದು.

ಸಂತೆಯಲ್ಲಿ ಯಾರೋ ದೂರದಿಂದ ನಿಮ್ಮನ್ನು ಕರೆಯುತ್ತಿದ್ದಾರೆ ಎಂದುಕೊಳ್ಳಿ. ಅದನ್ನು ರೆಕಾರ್ಡ್ ಮಾಡಿ ಜೋರಾಗಿ ಕೇಳಿಸಿಕೊಂಡರೆ ಸಂತೆಯ ಸದ್ದೂ ಅಷ್ಟೇ ಜೋರಾಗುತ್ತದೆ, ಮಾತು ತಿಳಿಯುವುದಿಲ್ಲ. ಸಿಗ್ನಲ್ ಎಷ್ಟಿದೆ ಎನ್ನುವುದಷ್ಟೇ ಅಲ್ಲ, ಅದು ಗದ್ದಲಕ್ಕಿಂತ ಎಷ್ಟು ಮೇಲಿದೆ ಎನ್ನುವುದೇ ಮುಖ್ಯ. ಅಂತರ ಕಡಿಮೆಯಾದಾಗ ಫೋನ್ ತಪ್ಪಾಗದಂತೆ ನಿಧಾನವಾಗಿ ಡೇಟಾ ತರಿಸಿಕೊಳ್ಳುತ್ತದೆ. ವಿಡಿಯೊ ಸುತ್ತುತ್ತಾ ನಿಲ್ಲುವುದು ಆಗಲೇ.

ಹಾಗಾದರೆ ಫೋನನ್ನು ಫ್ರಿಜ್‌ನಲ್ಲಿಟ್ಟರೆ?

ಬಿಸಿ ಕಡಿಮೆಯಾದರೆ ಗದ್ದಲ ಕಡಿಮೆಯಾಗುವುದು ನಿಜ. ನಾಸಾದ ವಾಯೇಜರ್ 1 ನೌಕೆ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ಸಿಗ್ನಲ್ ಹಿಡಿಯಲು ಭೂಮಿಯ ಮೇಲಿನ ರಿಸೀವರ್‌ಗಳನ್ನು ಮೈನಸ್ 250 ಡಿಗ್ರಿಗಿಂತಲೂ ಕೆಳಗೆ ತಂಪು ಮಾಡುತ್ತಾರೆ. ಆದರೆ ಉಷ್ಣ ಗದ್ದಲದ ಲೆಕ್ಕ ಶುರುವಾಗುವುದು ಮೈನಸ್ 273 ಡಿಗ್ರಿಯಿಂದ. 30 ಡಿಗ್ರಿಯಲ್ಲಿದ್ದ ಫೋನ್ 4 ಡಿಗ್ರಿಗೆ ಇಳಿದರೂ ಈ ಗದ್ದಲ ತಗ್ಗುವುದು ಸುಮಾರು ಶೇ. 9ರಷ್ಟು ಮಾತ್ರ. ಫ್ರಿಜ್‌ನ ಲೋಹದ ಮೈ ಸಿಗ್ನಲ್ಲನ್ನೇ ತಡೆಯುತ್ತದೆ. ಹೊರತೆಗೆದ ಮೇಲೆ ತೇವ ಕೂತು ಫೋನ್ ಕೆಡಲೂಬಹುದು.

ಬಾಕ್ಸ್‌ನಿಂದ ಅಪಾಯ ಯಾರಿಗೆ?

ಆ್ಯಪ್‌ಗೆ ಆಂಟೆನಾ ಬದಲಿಸಲು ಬರುವುದಿಲ್ಲ, ಹೆಚ್ಚೆಂದರೆ ನೆಟ್‌ವರ್ಕನ್ನು ಮತ್ತೆ ಹುಡುಕಿಸುತ್ತದೆ. ಬಾಕ್ಸ್‌ನ ಕಥೆ ಬೇರೆ. ಅದು ಮನೆಯಿಂದ ಟವರಿನ ಕಡೆಗೂ ಸಿಗ್ನಲ್ ಕಳಿಸುತ್ತದೆ. ಕಳಪೆ ಬಾಕ್ಸ್ ಆದರೆ, ನೀವು ಕರೆ ಮಾಡದಿದ್ದಾಗಲೂ ತನ್ನೊಳಗಿನ ಗದ್ದಲವನ್ನು ದೊಡ್ಡದು ಮಾಡಿ ಟವರಿಗೆ ಸುರಿಯುತ್ತಿರುತ್ತದೆ. ಆಗ ಟವರಿಗೆ ಸುತ್ತಮುತ್ತಲಿನವರ ಫೋನ್‌ಗಳೇ ಸರಿಯಾಗಿ ಕೇಳಿಸುವುದಿಲ್ಲ. ಪಕ್ಕದ ಮನೆಯವರು 112ಕ್ಕೆ ಮಾಡುವ ಕರೆಯೂ ಇದರಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದಲೇ ಭಾರತದಲ್ಲಿ ಅನುಮತಿಯಿಲ್ಲದೆ ಇಂಥ ಬೂಸ್ಟರ್ ಬಳಸುವುದು ಕಾನೂನುಬಾಹಿರ.

ಏನು ಮಾಡಬಹುದು?

ಕಿಟಕಿಯ ಬಳಿ ಅಥವಾ ತಾರಸಿಗೆ ಹೋಗಿ ನೋಡಿ. ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಾಮಾನ್ಯವಾಗಿ ಡಿಬಿಎಂ ಎಂಬ ಅಳತೆ ಕಾಣುತ್ತದೆ. ಮೈನಸ್ 80 ಚೆನ್ನಾಗಿದೆ ಎಂದರ್ಥ, ಮೈನಸ್ 110 ಅದಕ್ಕಿಂತ ಸಾವಿರ ಪಟ್ಟು ಕ್ಷೀಣ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಇಡೀ ಕಟ್ಟಡಕ್ಕೇ ತೊಂದರೆಯಿದ್ದರೆ ನಿಮ್ಮ ಮೊಬೈಲ್ ಕಂಪನಿಗೆ ದೂರು ಕೊಡಿ. ಅವರು ಹಾಕುವ ಉಪಕರಣ ಟವರಿಗೆ ತಕ್ಕಂತೆ ಹೊಂದಿಸಿದ್ದಾಗಿರುತ್ತದೆ.

ಸಾರಾಂಶ: ಬೂಸ್ಟರ್ ಆ್ಯಪ್ ಸಿಗ್ನಲ್ ಹೆಚ್ಚಿಸುವುದಿಲ್ಲ. ಅನುಮತಿಯಿಲ್ಲದ ಬಾಕ್ಸ್ ನೆರೆಯವರ ಸಿಗ್ನಲ್ಲನ್ನೂ ಕೆಡಿಸಬಹುದು. ಈ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಕಾರಣ ತಿಳಿಸಿ.