ಮಾರಾಟವಾಗದ ಪುಸ್ತಕ, ನಿಲ್ಲದ ಬರವಣಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಪುಸ್ತಕ ಬಿಡುಗಡೆ ಸಮಾರಂಭಗಳಿಗೆ ಬರವಿಲ್ಲ. ದೇವಸ್ಥಾನದ ಸಭಾಭವನದಲ್ಲೋ ಶಾಲೆಯ ರಂಗಮಂದಿರದಲ್ಲೋ ಭಾನುವಾರ ಬೆಳಗ್ಗೆ ದೀಪ ಬೆಳಗುತ್ತದೆ. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಬರೆದವರು ನಿವೃತ್ತ ಅಧ್ಯಾಪಕರು, ಬ್ಯಾಂಕಿನ ನೌಕರರು, ಗೃಹಿಣಿಯರು, ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವರು. ಪ್ರಕಾಶನದ ಹೆಸರಿರುವ ಜಾಗದಲ್ಲಿ ಮಗಳ ಹೆಸರೋ ಮನೆದೇವರ ಹೆಸರೋ ಕಾಣಿಸುತ್ತದೆ. ಅಂದರೆ ಅಚ್ಚಿನ ಖರ್ಚು ಹಾಕಿದವರು ಬರೆದವರೇ.

ಸಮಾರಂಭ ಮುಗಿದ ಮೇಲಿನ ಕತೆಯೂ ಎಲ್ಲರಿಗೆ ಗೊತ್ತಿದ್ದದ್ದೇ. ಬಂದವರಿಗೆ ಗೌರವ ಪ್ರತಿ, ನೆಂಟರಿಗೆ ಉಡುಗೊರೆ ಪ್ರತಿ. ಉಳಿದ ಕಟ್ಟುಗಳು ಅಟ್ಟಕ್ಕೆ ಏರುತ್ತವೆ. ನಮ್ಮ ಮಳೆಗಾಲಕ್ಕೆ ಕಾಗದ ತಾಳುವುದಿಲ್ಲ. ಮೊದಲ ಆಷಾಢಕ್ಕೆ ಬೂಷ್ಟು ಹಿಡಿಯುತ್ತದೆ, ಎರಡನೆಯದಕ್ಕೆ ಒರಲೆ ಹತ್ತುತ್ತದೆ. ಆ ಕಟ್ಟನ್ನು ನೋಡುತ್ತಾ ಕೂತವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಇನ್ನೊಂದು ಪುಸ್ತಕ ಏಕೆ ಬರೆಯಬೇಕು?

ಈ ಪ್ರಶ್ನೆ ಹೊಸದಲ್ಲ. ಇದನ್ನು ತುಂಬ ಹಿಂದೆಯೇ ಎದುರಿಸಿ, ಬರೆಯುತ್ತಲೇ ಉತ್ತರ ಕೊಟ್ಟವರು ಇದೇ ಸೀಮೆಯಲ್ಲಿ ಹುಟ್ಟಿದ್ದಾರೆ.

ಕೋಟದಿಂದ ಪುತ್ತೂರಿಗೆ

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಓದಿದ್ದು ಕುಂದಾಪುರದಲ್ಲಿ, ಕಾಲೇಜಿಗೆಂದು ಮಂಗಳೂರಿಗೆ ಹೋದವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವ್ಯಾಸಂಗ ಬಿಟ್ಟರು. 'ರಾಷ್ಟ್ರಗೀತ ಸುಧಾಕರ' ಎಂಬ ಪದ್ಯಗಳ ಪುಸ್ತಕ ಬಂದದ್ದು 1924ರಲ್ಲಿ. ಆ ದಶಕದಲ್ಲೇ 'ವಸಂತ' ಎಂಬ ಪತ್ರಿಕೆಯನ್ನೂ ನಡೆಸಿದರು. ಅದು ಕೆಲವು ವರ್ಷ ನಡೆದು ನಿಂತಿತು. ಮುಂದೆ ಪುತ್ತೂರಿನಲ್ಲಿ ನೆಲೆನಿಂತು ಮುದ್ರಣಾಲಯವನ್ನೂ ನಡೆಸಿದರು. ಅವರ ಅನೇಕ ಪುಸ್ತಕಗಳು 'ಹರ್ಷ' ಎಂಬ ಹೆಸರಿನ ಅವರದೇ ಪ್ರಕಾಶನದಿಂದ ಹೊರಬಂದವು. ಇಂದು ನಾವು 'ಲೇಖಕರೇ ಪ್ರಕಾಶಕರು' ಎನ್ನುವ ಸ್ಥಿತಿ ಕನ್ನಡದ ಈ ದೊಡ್ಡ ಕಾದಂಬರಿಕಾರರ ಸ್ಥಿತಿಯೂ ಆಗಿತ್ತು.

ಆ ಕಾಲದಲ್ಲಿ ಕನ್ನಡ ಪುಸ್ತಕದ ಪೇಟೆ ಹೇಗಿತ್ತೆಂಬುದನ್ನು ನೆನಪಿಡಬೇಕು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡ ಮುಂಬಯಿಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು. ಮೈಸೂರು ಬೇರೆಯೇ ಸಂಸ್ಥಾನ. 1956ರ ತನಕ ಕನ್ನಡದ ಓದುಗರು ಹೀಗೆ ಹಂಚಿಹೋಗಿದ್ದರು. ಅಕ್ಷರ ಬಲ್ಲವರೇ ಕಡಿಮೆ. ಬಲ್ಲವರಲ್ಲಿ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವವರು ಇನ್ನೂ ಕಡಿಮೆ. ಪುತ್ತೂರಿನಲ್ಲಿ ಅಚ್ಚಾದ ಪುಸ್ತಕ ಬೀದರಿನ ಓದುಗನ ಕೈಗೆ ಸೇರುವುದು ಸುಲಭದ ಮಾತಾಗಿರಲಿಲ್ಲ.

ಆದರೂ 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬಂದಿತು. ಎರಡು ದಶಕಗಳು ಕಳೆದ ಮೇಲೆ, 1959ರಿಂದ 1964ರ ಅವಧಿಯಲ್ಲಿ, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂದಿತು. ಎರಡೂ ಒಬ್ಬರೇ ಕೂತು ಬರೆದವು. ಬೇರೆ ಭಾಷೆಗಳಲ್ಲಿ ವಿದ್ವಾಂಸರ ಮಂಡಳಿಗಳು ಮಾಡುವ ಕೆಲಸವಿದು. ಲಾಭನಷ್ಟದ ಲೆಕ್ಕ ಮೊದಲು ಹಾಕುವವರು ಇಂಥದ್ದಕ್ಕೆ ಕೈಯಿಕ್ಕುವುದಿಲ್ಲ. ಕಾರಂತರನ್ನು ನಡೆಸಿದ್ದು ತಿಳಿದುಕೊಳ್ಳುವ ಹಂಬಲ. ತಿಳಿದದ್ದನ್ನು ಕನ್ನಡದಲ್ಲಿ ಹೇಳಿಬಿಡಬೇಕೆಂಬ ತವಕ. ಪುಸ್ತಕ ಆ ಹಂಬಲದ ಫಲವಾಗಿತ್ತು. ಯಕ್ಷಗಾನದ ವಿಷಯದಲ್ಲೂ ಹೀಗೆಯೇ ಆಯಿತು. ಹಳೆಯ ಪ್ರಸಂಗಗಳನ್ನು ಹುಡುಕುತ್ತ, ಕಲಾವಿದರನ್ನು ಮಾತಾಡಿಸುತ್ತ, ವರ್ಷಗಟ್ಟಲೆ ಮಾಡಿದ ಶೋಧದಿಂದ 'ಯಕ್ಷಗಾನ ಬಯಲಾಟ' ಹುಟ್ಟಿತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಕೆಲಸದ ಮೇಲೆ ಆಸಕ್ತಿ ಇದ್ದವರಿಗೆ ಒಂದು ಪುಸ್ತಕದ ಸೋಲು ಕೆಲಸದ ಸೋಲಾಗುವುದಿಲ್ಲ. ಪುಸ್ತಕದ ಮೇಲೆ ಮಾತ್ರ ಆಸಕ್ತಿ ಇದ್ದವರಿಗೆ ಆಗುತ್ತದೆ. ಕಾರಂತರ ಬದುಕಿನಿಂದ ನಮ್ಮ ಲೇಖಕರು ಕಲಿಯಬಹುದಾದ ಮೊದಲ ಪಾಠ ಇದು.

ಹೆಸರನ್ನೂ ಬಚ್ಚಿಟ್ಟವರು

ಕಾರಂತರಿಗಿಂತ ಒಂದು ತಲೆಮಾರು ಹಿಂದೆ, ದುಡ್ಡಿನ ಜೊತೆಗೆ ಹೆಸರನ್ನೂ ಬಿಟ್ಟು ಬರೆದವರೊಬ್ಬರಿದ್ದರು. 1870ರಲ್ಲಿ ಹುಟ್ಟಿದ ನಂದಳಿಕೆಯ ಲಕ್ಷ್ಮೀನಾರಣಪ್ಪ, ನಮಗೆಲ್ಲ ಗೊತ್ತಿರುವ ಹೆಸರಿನಲ್ಲಿ ಮುದ್ದಣ, ಶಾಲೆಯಲ್ಲಿ ವ್ಯಾಯಾಮದ ಶಿಕ್ಷಕರಾಗಿದ್ದವರು. ಉಡುಪಿಯಲ್ಲಿ ಹೆಚ್ಚು ಕಾಲ, ಕುಂದಾಪುರದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ರಾಮಾಶ್ವಮೇಧ' ಕೃತಿಗಳನ್ನು ಬರೆದು, ತಮ್ಮದೆಂದು ಹೇಳದೆ, ಹಳೆಯ ಕವಿಯ ಹಸ್ತಪ್ರತಿ ಸಿಕ್ಕಿತೆಂಬಂತೆ ಮೈಸೂರಿನ ಕಾವ್ಯಪತ್ರಿಕೆಗೆ ಕಳಿಸಿದರು. ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದರ ಆಸುಪಾಸು. ಆ ಕೃತಿಗಳು ಅವರವೇ ಎಂದು ಕನ್ನಡಿಗರಿಗೆ ಸ್ಪಷ್ಟವಾದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ಮುದ್ದಣನ ಬದುಕನ್ನು ಯಾರೂ ಮಾದರಿಯಾಗಿ ಹಾರೈಸಬೇಕಾಗಿಲ್ಲ. ಬಡತನವೂ ಕಾಯಿಲೆಯೂ ಹಾರೈಸುವಂಥವಲ್ಲ. ಆದರೆ ಮಾರಾಟವೂ ಇಲ್ಲದ, ಹೊಗಳಿಕೆಯೂ ಇಲ್ಲದ ಕಡೆ ಬರವಣಿಗೆ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುದ್ದಣ ಮನೋರಮೆಯರ ಮಾತುಕತೆ ಓದಿದವರಿಗೆ ಆ ಬರವಣಿಗೆಯಲ್ಲಿರುವ ಸುಖ ಗೊತ್ತು. ಬರೆಯುವಾಗಲೇ ಸಿಗುವ ಆ ಸುಖವೇ ಅವರಿಗೆ ದೊರೆತ ಮುಖ್ಯ ಸಂಭಾವನೆಯಾಗಿದ್ದಿರಬೇಕು.

ಮುದ್ದಣ 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದರು. ಪುಸ್ತಕದ ಯಶಸ್ಸನ್ನು ಅಳೆಯಲು ನಮ್ಮ ಸೀಮೆಯ ಪ್ರಸಂಗಕವಿಗಳಿಗೆ ಬೇರೆಯೇ ಒಂದು ಕೋಲಿದೆ. ಪ್ರಸಂಗದ ಪುಸ್ತಕ ಕೊಳ್ಳುವವರು ಯಾರು? ಭಾಗವತರು, ಕೆಲವು ಅರ್ಥಧಾರಿಗಳು, ಹವ್ಯಾಸಿಗಳು. ಆದರೆ ಮಂದಾರ್ತಿ ಮೇಳದ ಹರಕೆ ಆಟವೊಂದರಲ್ಲಿ ಅದನ್ನು ಕೇಳುವವರು ಊರಿಗೆ ಊರೇ. ಪುಸ್ತಕವನ್ನು ಮುಟ್ಟದೆಯೇ ಅದರ ಪದ ಬಾಯಿಪಾಠ ಬರುವವರು ಪ್ರತಿ ಗ್ರಾಮದಲ್ಲಿದ್ದಾರೆ. ಕೊಂಡವರ ಸಂಖ್ಯೆಯೂ ತಲುಪಿದವರ ಸಂಖ್ಯೆಯೂ ಒಂದೇ ಅಲ್ಲವೆಂಬುದನ್ನು ನಾವು ಬೇರೆ ಕಡೆ ಹೋಗಿ ಕಲಿಯಬೇಕಾಗಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಇಷ್ಟೆಲ್ಲ ಹೇಳಿದರೂ ಕೈಯಿಂದ ಹೋದ ಹಣ ಹೋದದ್ದೇ. ಅದನ್ನು ಆದರ್ಶದ ಮಾತಿನಿಂದ ಮುಚ್ಚಿಡಬಾರದು. ಎಷ್ಟೋ ಸಲ ಲೇಖಕರು ಎದೆಗುಂದುವುದು ಬರವಣಿಗೆಯ ದೋಷದಿಂದಲ್ಲ, ಲೆಕ್ಕದ ದೋಷದಿಂದ.

ಸುಲಭಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. 200 ರೂಪಾಯಿ ಬೆಲೆಯ ಪುಸ್ತಕ, ಒಂದು ಪ್ರತಿಯ ಅಚ್ಚಿಗೆ 80 ರೂಪಾಯಿ, 500 ಪ್ರತಿ. ಒಟ್ಟು ಖರ್ಚು 40,000. ಅಂಗಡಿಗೆ ನೂರಕ್ಕೆ 40ರಷ್ಟು ರಿಯಾಯಿತಿ ಕೊಟ್ಟರೆ ಕೈಗೆ ಬರುವುದು ಪ್ರತಿಗೆ 120. ಅಸಲು ಹುಟ್ಟಬೇಕಾದರೆ 334 ಪ್ರತಿ ಮಾರಬೇಕು. 150 ಪ್ರತಿಗಳನ್ನು ಗೌರವಕ್ಕೂ ಉಡುಗೊರೆಗೂ ಹಂಚಿದ ಮೇಲೆ ಉಳಿಯುವುದು 350. ಅಂದರೆ ಉಳಿದದ್ದೆಲ್ಲವೂ ಮಾರಿಹೋದರೂ ಮಿಗುವುದು ಎರಡು ಸಾವಿರ ರೂಪಾಯಿ! ಇಲ್ಲಿ ನಷ್ಟವೆಂಬುದು ಬಿಡುಗಡೆಯ ದಿನವೇ ನಿಶ್ಚಯವಾಗಿ ಹೋಗಿರುತ್ತದೆ. ಅದಕ್ಕೆ ಓದುಗರನ್ನು ದೂರಿ ಫಲವಿಲ್ಲ.

ಅದೇ ಲೇಖಕ 200 ಪ್ರತಿ ಮಾತ್ರ ಅಚ್ಚು ಹಾಕಿಸಲಿ. ಪ್ರತಿಗೆ 110 ರೂಪಾಯಿ ಬಿದ್ದರೂ ಖರ್ಚು 22,000. ಅಂಗಡಿಯ ನಡುವಿಲ್ಲದೆ ತಾನೇ ಮಾರಿದರೆ 110 ಪ್ರತಿಗಳಿಗೆ ಅಸಲು ಹುಟ್ಟುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಕಡಿಮೆ ಪ್ರತಿ ಹಾಕಿಸುವುದು ದುಬಾರಿಯಾಗಿತ್ತು. ಜೋಡಿಸಿದ ಮೊಳೆ ಬಿಚ್ಚಿದರೆ ಮರುಮುದ್ರಣಕ್ಕೆ ಮತ್ತೆ ಮೊದಲಿಂದ ಜೋಡಿಸಬೇಕಿತ್ತು. ಡಿಜಿಟಲ್ ಮುದ್ರಣ ಬಂದ ಮೇಲೆ ಐವತ್ತು, ನೂರು ಪ್ರತಿ ಹಾಕಿಸಿ, ಬೇಡಿಕೆ ಕಂಡರೆ ಮತ್ತೆ ಹಾಕಿಸಬಹುದು. ಅಟ್ಟಕ್ಕೆ ಏರಿಸುವ ಕಟ್ಟೇ ಇಲ್ಲದಿದ್ದರೆ ಅರ್ಧ ನಿರಾಶೆ ಅಲ್ಲಿಗೇ ತಪ್ಪುತ್ತದೆ.

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಪುಸ್ತಕ ಹಾಕುವ ರೂಢಿ ನಾಡಿನಲ್ಲಿ ಬೆಳೆಯಿತು. ಆಯ್ಕೆ ತಡ, ಹಣ ಇನ್ನೂ ತಡ ಎಂಬುದು ಪ್ರಕಾಶಕರ ಹಳೆಯ ದೂರು. 1993ರಲ್ಲಿ ಹುಟ್ಟಿದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನದ ಯೋಜನೆ ನಡೆಸಿಕೊಂಡು ಬಂದಿದೆ. ಇವು ಸಿಕ್ಕರೆ ಒಳ್ಳೆಯದು. ಇವನ್ನೇ ನಂಬಿ ಸಾಲ ಮಾಡುವುದು ಬೇಡ.

ಹೊತ್ತು ಮಾರಿದವರು

ತಾನೇ ಮಾರುವುದೆಂದರೆ ನಮ್ಮಲ್ಲಿ ಅನೇಕರಿಗೆ ಸಂಕೋಚ. ಕನ್ನಡದ ಇತಿಹಾಸ ಬೇರೆ ಮಾತು ಹೇಳುತ್ತದೆ. ಹಾವೇರಿ ಸೀಮೆಯ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಬೆಳೆದದ್ದು ಅಂಥವರ ಕಾಲ್ನಡಿಗೆಯಿಂದ. ಜಿ. ಪಿ. ರಾಜರತ್ನಂ ಕಾಲೇಜಿನ ಅಧ್ಯಾಪಕರಾಗಿದ್ದೂ ತಮ್ಮವಲ್ಲದೆ ಇತರರ ಪುಸ್ತಕಗಳನ್ನೂ ಹೊತ್ತು ಮಾರುತ್ತಿದ್ದರು. ಇದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ.

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋದ ಹೊಸ ದಂಪತಿಗಳು ಕಬ್ಬು ಕೊಳ್ಳದೆ ಮನೆಗೆ ಮರಳುವುದಿಲ್ಲ. ಅದು ಕಬ್ಬಿನ ಜಾಹೀರಾತಿನಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು. ಪುಸ್ತಕಕ್ಕೂ ಅಂಥ ರೂಢಿ ಬೇಕು. ಅದು ಬೆಳೆಯುವುದು ಲೇಖಕರೇ ಓದುಗರ ಎದುರು ನಿಂತಾಗ. ಪುಕ್ಕಟೆ ಕೊಟ್ಟ ಪುಸ್ತಕ ಕಪಾಟಿನಲ್ಲಿ ಕೂರುತ್ತದೆ. ದುಡ್ಡು ಕೊಟ್ಟು ಕೊಂಡವರು ಒಮ್ಮೆಯಾದರೂ ತೆರೆದು ನೋಡುತ್ತಾರೆ. ಓದಿದ ಒಬ್ಬರು ದಾರಿಯಲ್ಲಿ ನಿಲ್ಲಿಸಿ ಒಂದು ಪಾತ್ರದ ಬಗ್ಗೆ ಜಗಳ ತೆಗೆದರೆ, ಆ ಜಗಳ ಮುಂದಿನ ಪುಸ್ತಕಕ್ಕೆ ನೂರು ಶಾಲಿಗಿಂತ ಹೆಚ್ಚಿನ ಬಲ.

ಪುಸ್ತಕದ ಆಯುಷ್ಯ

ಗಾಂಧೀಜಿಯವರಿಂದಾಗಿ ನಮಗೆ ಪರಿಚಿತನಾದ ಅಮೆರಿಕದ ಲೇಖಕ ಥೋರೋನ ಮೊದಲ ಪುಸ್ತಕ ಬಂದದ್ದು 1849ರಲ್ಲಿ, ಅವನದೇ ಹೊಣೆಯಲ್ಲಿ, ಸಾವಿರ ಪ್ರತಿ. ನಾಲ್ಕು ವರ್ಷಗಳ ಮೇಲೆ, ಮಾರಾಟವಾಗದ 706 ಪ್ರತಿಗಳನ್ನು ಪ್ರಕಾಶಕ ಅವನ ಮನೆಗೇ ಕಳಿಸಿದ. ಥೋರೋ ಅವನ್ನು ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ಸಾಗಿಸಿದ. ತನ್ನ ಪುಸ್ತಕ ಭಂಡಾರದ ಬಹುಪಾಲು ತಾನೇ ಬರೆದದ್ದೆಂದು ದಿನಚರಿಯಲ್ಲಿ ನಗೆಯಾಡಿದ. ಆ ಹೊತ್ತಿಗೆ ಅವನ ಮೇಜಿನ ಮೇಲೆ 'ವಾಲ್ಡನ್' ಇತ್ತು. ಮರುವರ್ಷ, 1854ರಲ್ಲಿ, ಅದು ಹೊರಬಂತು.

ನಮ್ಮ ಕಾರಂತರ ಪುಸ್ತಕಗಳಿಗೂ ಕಾಲ ಹಿಡಿಯಿತು. 'ಚೋಮನ ದುಡಿ' ಬಂದದ್ದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲ ಬಂದಾಗ ಪುಸ್ತಕಕ್ಕೆ ನಾಲ್ಕು ದಶಕ ದಾಟಿತ್ತು. 1968ರ 'ಮೂಕಜ್ಜಿಯ ಕನಸುಗಳು' ಜ್ಞಾನಪೀಠ ಪಡೆದದ್ದು 1977ರಲ್ಲಿ. ಮೊದಲ ವರ್ಷದ ಮಾರಾಟ ನೋಡಿ ತೀರ್ಪು ಕೊಟ್ಟಿದ್ದರೆ ಎಷ್ಟೋ ಪುಸ್ತಕಗಳ ಬದುಕು ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲೊಂದು ಎಚ್ಚರವೂ ಬೇಕು. ಒಳ್ಳೆಯ ಪುಸ್ತಕ ನಿಧಾನವಾಗಿ ಹೋಗಬಹುದು; ಹಾಗೆಂದು ನಿಧಾನವಾಗಿ ಹೋದದ್ದೆಲ್ಲ ಒಳ್ಳೆಯದಲ್ಲ. ತನ್ನ ಪುಸ್ತಕ ಮಾರಾಟವಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರೂ ತಾನು ಕಾರಂತನೆಂದೋ ಮುದ್ದಣನೆಂದೋ ಭಾವಿಸಬಾರದು. ಅವಸರದಲ್ಲಿ ಬರೆದು, ಯಾರಿಗೂ ತೋರಿಸದೆ, ಕರಡು ತಿದ್ದದೆ ಅಚ್ಚಿಗೆ ಕೊಟ್ಟ ಪುಸ್ತಕವನ್ನು ಓದುಗರು ಬಿಟ್ಟರೆ ಅದು ನ್ಯಾಯವೇ. ಮುನ್ನುಡಿ ಬರೆಯುವವರಿಗಿಂತ ಮೊದಲು, ಮುಖದ ಮೇಲೆ ಹೇಳಬಲ್ಲ ಇಬ್ಬರು ಓದುಗರನ್ನು ಹುಡುಕಿಕೊಳ್ಳುವುದು ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕುವವರಿಗೆ ತೀರ ಅಗತ್ಯ. ದೊಡ್ಡ ಪ್ರಕಾಶನದಲ್ಲಿ ಆ ಕೆಲಸಕ್ಕೆ ಸಂಪಾದಕರಿರುತ್ತಾರೆ. ಇಲ್ಲಿ ಅದೂ ಲೇಖಕರ ಪಾಲಿಗೇ ಬಂದಿದೆ.

ಹೀಗಾಗಿ ಬರೆಯುವವರು ಎರಡು ಪುಸ್ತಕದ ಲೆಕ್ಕ ಇಡುವುದು ಮೇಲು. ಒಂದರಲ್ಲಿ ಅಚ್ಚು, ಮಾರಾಟ, ಬಾಕಿ. ಅದನ್ನು ಅಂಗಡಿಯವರಷ್ಟೇ ನಿಷ್ಠುರವಾಗಿ ಬರೆಯಲಿ. ಇನ್ನೊಂದರಲ್ಲಿ ಈ ವರ್ಷ ಏನು ತಿಳಿದೆ, ಯಾವುದನ್ನು ಮೊದಲಿಗಿಂತ ಚೆನ್ನಾಗಿ ಹೇಳಿದೆ, ಯಾರು ಓದಿ ಏನೆಂದರು ಎಂಬ ಲೆಕ್ಕ. ಮೊದಲನೆಯದು ಎಷ್ಟು ಪ್ರತಿ ಹಾಕಿಸಬೇಕೆಂದು ಹೇಳುತ್ತದೆ. ಬರೆಯಬೇಕೋ ಬೇಡವೋ ಎಂಬುದನ್ನು ಎರಡನೆಯದನ್ನು ನೋಡಿ ತೀರ್ಮಾನಿಸಬೇಕು.