ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಪದೇಪದೇ ಕೈಕೊಡುತ್ತಿದೆಯೇ? ವೋಲ್ಟೇಜ್ ಏರಿಸುವ ಮುನ್ನ ಇದನ್ನು ಓದಿ

‘ಹಳೇ ಕಂಪ್ಯೂಟರ್ ಬಿಸಾಡಬೇಡಿ, ಬಯಾಸ್‌ಗೆ ಹೋಗಿ ಈ ಒಂದು ಸಂಖ್ಯೆ ಬದಲಿಸಿ, ವೇಗ ಒಂದೂವರೆ ಪಟ್ಟಾಗುತ್ತದೆ’ ಎನ್ನುವ ಧಾಟಿಯ ಸಂದೇಶಗಳು, ಅರ್ಧ ನಿಮಿಷದ ವಿಡಿಯೊಗಳು ಆಗಾಗ ಗ್ರೂಪುಗಳಲ್ಲಿ ಸುತ್ತುತ್ತಿರುತ್ತವೆ. ಅದರ ಹಿಂದೆಯೇ ಎರಡು ಬಗೆಯ ಉತ್ತರಗಳೂ ಬರುತ್ತವೆ. ‘ಹ್ಯಾಂಗ್ ಆದರೆ ಸ್ವಲ್ಪ ವೋಲ್ಟೇಜ್ ಏರಿಸಿ, ಸರಿಹೋಗುತ್ತದೆ’ ಎನ್ನುವವರು ಒಂದು ಕಡೆ. ‘ಮುಟ್ಟಿದರೆ ಸುಟ್ಟೇ ಹೋಗುತ್ತದೆ’ ಎನ್ನುವವರು ಇನ್ನೊಂದು ಕಡೆ.

ಎರಡೂ ಪೂರ್ತಿ ನಿಜವಲ್ಲ. ಈಗಿನ ಪ್ರೊಸೆಸರ್‌ಗಳು ಅಷ್ಟು ಸುಲಭವಾಗಿ ಸುಡುವುದಿಲ್ಲ, ಮಿತಿಮೀರಿ ಬಿಸಿಯಾದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ, ಇಲ್ಲವೇ ಯಂತ್ರವನ್ನೇ ಆಫ್ ಮಾಡುತ್ತವೆ. ನಿಜವಾದ ಅಪಾಯ ಬೇರೆಯೇ ಇದೆ. ಸರಿಯಾಗಿ ನಿಲ್ಲದ ಓವರ್‌ಕ್ಲಾಕ್ ಲೆಕ್ಕ ತಪ್ಪುತ್ತದೆ, ತಪ್ಪಿದ್ದನ್ನು ಹೇಳುವುದೂ ಇಲ್ಲ. ಮದುವೆಯ ಫೋಟೊಗಳನ್ನು ಜಿಪ್ ಮಾಡಿಟ್ಟಿರುತ್ತೀರಿ, ಆರು ತಿಂಗಳ ಮೇಲೆ ತೆರೆದರೆ ‘ಫೈಲ್ ಕೆಟ್ಟಿದೆ’ ಎನ್ನುತ್ತದೆ. ಹಾಗಾಗಿ ಮುಂದೆ ಓದುವ ಮೊದಲು ಬೇಕಾದ ಫೈಲುಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ.

ಅಸಲಿಗೆ ಆಗುವುದೇನು?

ಉದಾಹರಣೆಗೆ ಇಂಟೆಲ್ ಕೋರ್ ಐ5-2500ಕೆ ತೆಗೆದುಕೊಳ್ಳೋಣ. 2011ರಲ್ಲಿ ಬಂದ ಈ ಚಿಪ್ ಓವರ್‌ಕ್ಲಾಕ್‌ಗೆ ಹೆಸರುವಾಸಿ. ಇದರ ಮೂಲ ವೇಗ 3.3 ಗಿಗಾಹರ್ಟ್ಜ್, ಅಂದರೆ ಸೆಕೆಂಡಿಗೆ 330 ಕೋಟಿ ಮಿಡಿತ. ಮದರ್‌ಬೋರ್ಡ್ ಕೊಡುವ 100 ಮೆಗಾಹರ್ಟ್ಜ್‌ನ ಮೂಲ ಮಿಡಿತವನ್ನು ಚಿಪ್ಪು 33ರಿಂದ ಗುಣಿಸಿಕೊಳ್ಳುತ್ತದೆ. ಬಯಾಸ್‌ನಲ್ಲಿ ಆ 33ನ್ನು 45 ಮಾಡಿದರೆ 4.5 ಗಿಗಾಹರ್ಟ್ಜ್. ವಿಡಿಯೊದಲ್ಲಿ ಹೇಳುವ ‘ಒಂದು ಸಂಖ್ಯೆ’ ಇದೇ.

ಒಂದೂವರೆ ಪಟ್ಟು ಎಂಬುದು ಮಾತ್ರ ಉತ್ಪ್ರೇಕ್ಷೆ. ಈ ಚಿಪ್ಪು ಟರ್ಬೊದಲ್ಲಿ ತಾನಾಗಿಯೇ 3.7ರವರೆಗೆ ಹೋಗುತ್ತದೆ. ಅಲ್ಲಿಂದ 4.5 ಎಂದರೆ ಹೆಚ್ಚಳ ಶೇ. 22ರಷ್ಟು. ಅದೂ ಪ್ರೊಸೆಸರ್ ಮೇಲೆ ನಿಂತ ಕೆಲಸಗಳಿಗೆ ಮಾತ್ರ. ಹಾರ್ಡ್ ಡಿಸ್ಕ್ ನಿಧಾನವಿರುವ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಉಪಯೋಗ.

ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಬಾಂಡಲಿಗಳು ಕೈಯಿಂದ ಕೈಗೆ ಸಾಗುವುದನ್ನು ನೋಡಿದ್ದೀರಲ್ಲ? ಮೇಸ್ತ್ರಿ ಸೀಟಿ ಊದಿದಾಗಲೆಲ್ಲ ಎಲ್ಲರೂ ಒಮ್ಮೆಗೇ ಬಾಂಡಲಿ ದಾಟಿಸಬೇಕು ಎಂದುಕೊಳ್ಳಿ. ಸೀಟಿ ಜೋರಾದಷ್ಟೂ ಕೆಲಸ ಬೇಗ ಸಾಗುತ್ತದೆ, ಆದರೆ ಸಾಲಿನಲ್ಲಿ ಅತಿ ನಿಧಾನದವನ ಕೈ ಮುಟ್ಟುವ ಮೊದಲೇ ಮುಂದಿನ ಸೀಟಿ ಬಿದ್ದರೆ ಬಾಂಡಲಿ ನೆಲಕ್ಕೆ. ಪ್ರೊಸೆಸರ್ ಒಳಗೂ ಹಾಗೆಯೇ. 3.3 ಗಿಗಾಹರ್ಟ್ಜ್‌ನಲ್ಲಿ ಎರಡು ಮಿಡಿತಗಳ ನಡುವೆ 0.30 ನ್ಯಾನೊಸೆಕೆಂಡ್ ಸಿಗುತ್ತದೆ, 4.5ರಲ್ಲಿ 0.22. ಅಷ್ಟರೊಳಗೆ ಸಂಕೇತ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಿ ನಿಲ್ಲದಿದ್ದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್‌ಗಳು ಬೇಗ ಬದಲಾಗುತ್ತವೆ, ಸಂಕೇತ ಸಮಯಕ್ಕೆ ತಲುಪುತ್ತದೆ. ‘ವೋಲ್ಟೇಜ್ ಏರಿಸಿ’ ಎಂಬ ಸಲಹೆ ಹುಟ್ಟಿದ್ದು ಇಲ್ಲಿಂದ.

ಈ ಬಗೆಯ ತಪ್ಪು ಎಷ್ಟು ವಿಚಿತ್ರವಾಗಿ ಕಾಣಿಸಿಕೊಳ್ಳಬಹುದು ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಬರೆದ ಪ್ರಸಂಗವೊಂದಿದೆ. ವಿಂಡೋಸ್ ಕುಸಿದಾಗ ಬರುವ ವರದಿಗಳಲ್ಲಿ ಕೆಲವು ಅರ್ಥವೇ ಆಗುತ್ತಿರಲಿಲ್ಲವಂತೆ. ಪ್ರೊಸೆಸರ್ ಒಳಗಿನ ಒಂದು ಜಾಗವನ್ನು ಸೊನ್ನೆ ಮಾಡುವ, ಎಂದೂ ವಿಫಲವಾಗಲಾರದ ಆದೇಶದ ಮೇಲೆಯೇ ಯಂತ್ರ ನಿಂತುಹೋಗಿತ್ತು. ವಿಚಾರಿಸಿದರೆ ಅವು ಓವರ್‌ಕ್ಲಾಕ್ ಆದ ಯಂತ್ರಗಳು. ಕೆಲವು ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ, ಅಂಗಡಿಯವರೇ ವೇಗ ಏರಿಸಿ ಮಾರಿದ್ದರು. ನೀವು ಸೆಕೆಂಡ್ ಹ್ಯಾಂಡ್ ಯಂತ್ರ ತಂದಿದ್ದರೆ ಇದನ್ನು ನೆನಪಿಡಿ. ಕಾರಣವಿಲ್ಲದೆ ಹ್ಯಾಂಗ್ ಆಗುತ್ತಿದ್ದರೆ ಮೊದಲು ಬಯಾಸ್ ತೆರೆದು ಹಿಂದಿನ ಮಾಲೀಕರು ಏನು ಮಾಡಿಟ್ಟಿದ್ದಾರೆ ನೋಡಿ.

ಮೊದಲ ಹೆಜ್ಜೆ ಹಿಂದಕ್ಕೆ

ಓವರ್‌ಕ್ಲಾಕ್ ನಿಲ್ಲುತ್ತಿಲ್ಲ ಎಂದಾಗ ಎಲ್ಲರೂ ಮುಂದಿನ ಸಂಖ್ಯೆ ಒತ್ತುತ್ತಾರೆ. ನಾವು ಹೇಳುವುದು ಉಲ್ಟಾ. ಬಯಾಸ್‌ನಲ್ಲಿ ‘ಲೋಡ್ ಡಿಫಾಲ್ಟ್ಸ್’ ಆಯ್ಕೆ ಮಾಡಿ, ಎಲ್ಲವನ್ನೂ ಕಂಪನಿ ವೇಗಕ್ಕೆ ತಂದು ಒಂದು ದಿನ ಬಳಸಿ. ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ, ಪ್ರೈಮ್95 ಅನ್ನು ಒಂದೆರಡು ಗಂಟೆ ಓಡಿಸಿ. ಆಗಲೂ ತಪ್ಪು ಬಂದರೆ ನಿಮ್ಮ ತೊಂದರೆಗೂ ಓವರ್‌ಕ್ಲಾಕ್‌ಗೂ ಸಂಬಂಧವಿಲ್ಲ. ಕೆಟ್ಟ ರ‍್ಯಾಮ್ ಇರಬಹುದು, ಸೋತ ಎಸ್‌ಎಂಪಿಎಸ್ ಇರಬಹುದು. ಅದನ್ನು ಬಿಟ್ಟು ವೋಲ್ಟೇಜ್ ಏರಿಸುತ್ತಾ ಕೂತರೆ ರೋಗ ಒಂದು, ಮದ್ದು ಇನ್ನೊಂದು.

ವೇಗ ಏರಿಸಿದ ಮೇಲೆ ಪರದೆಯೇ ಬಾರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಐದಾರು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹಳೆಯ ಸ್ಥಿತಿಗೆ ಬರುತ್ತದೆ.

ಇನ್ನೊಂದು ಮಾತು. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲದಿದ್ದರೆ ಆ ಗುಣಕ ಬಹುತೇಕ ಬೀಗ ಹಾಕಿದಂತೆಯೇ. ‘ಕೆ’ ಇದ್ದರೂ ಬೋರ್ಡ್ ಒಪ್ಪಬೇಕು. 2500ಕೆ ಚಿಪ್ಪಿಗೆ ಪಿ67, ಝಡ್68, ಝಡ್77 ಬೋರ್ಡ್‌ಗಳು ಬೇಕು. ಅಗ್ಗದ ಎಚ್61 ಬೋರ್ಡಿನಲ್ಲಿ ವಿಡಿಯೊದಲ್ಲಿ ತೋರಿಸಿದ ಆಯ್ಕೆ ಸಿಗದಿದ್ದರೆ ತಪ್ಪು ನಿಮ್ಮದಲ್ಲ. ಹಾಗೆಂದು ಕೆಲವರು ಮೂಲ 100 ಮೆಗಾಹರ್ಟ್ಜನ್ನೇ 107, 110 ಮಾಡಲು ಹೋಗುತ್ತಾರೆ. ಈ ಪೀಳಿಗೆಯಲ್ಲಿ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್‌ಗಳ ಮಿಡಿತವೂ ಅದಕ್ಕೇ ಕಟ್ಟಿಕೊಂಡಿರುವುದರಿಂದ ಪ್ರೊಸೆಸರ್ ತಡೆದುಕೊಂಡರೂ ಬೇರೆಲ್ಲೋ ಕೈಕೊಡುತ್ತದೆ. ಅದನ್ನು 100ರಲ್ಲೇ ಬಿಡಿ.

‘ನಿಲ್ಲುತ್ತಿಲ್ಲ’ ಎಂದರೆ ಹೇಗೆ?

ವೈದ್ಯರ ಹತ್ತಿರ ‘ಹುಷಾರಿಲ್ಲ’ ಎಂದಷ್ಟೇ ಹೇಳಿದರೆ ಸಾಲುವುದಿಲ್ಲ. ಇಲ್ಲೂ ಹಾಗೆ.

ಯಂತ್ರ ಕುಸಿಯುವುದಿಲ್ಲ, ಆದರೆ ಭಾರದ ಕೆಲಸ ಕೊಟ್ಟಾಗ ವೇಗ ತಾನಾಗಿ ಇಳಿಯುತ್ತದೆ ಎಂದರೆ ಅದು ಬಿಸಿಯ ಅಥವಾ ವಿದ್ಯುತ್ ಮಿತಿಯ ಸಮಸ್ಯೆ. ಇಲ್ಲಿ ವೋಲ್ಟೇಜ್ ಏರಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಚಿಪ್ಪು ಬಳಸುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರಿದರೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 3.3ರಿಂದ 4.5 ಗಿಗಾಹರ್ಟ್ಜ್‌ಗೆ, 1.20ರಿಂದ 1.35 ವೋಲ್ಟ್‌ಗೆ ಹೋದಿರಿ ಎನ್ನೋಣ. ವೇಗ ಶೇ. 36 ಹೆಚ್ಚಾಯಿತು, ಬಿಸಿ ಶೇ. 70ಕ್ಕಿಂತ ಹೆಚ್ಚಾಯಿತು. ಡಬ್ಬಿಯೊಳಗೆ ಬಂದ ಪುಟ್ಟ ಕೂಲರ್ ಅದನ್ನು ಹೊರಹಾಕಲಾರದು.

ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕೋರಿನ ಉಷ್ಣತೆಯೂ, ಬಿಸಿಗೆ ವೇಗ ಇಳಿಯಿತೇ ಎಂಬುದೂ ಕಾಣುತ್ತದೆ. 2500ಕೆ ಚಿಪ್ಪಿನ ಮಿತಿ 98 ಡಿಗ್ರಿ ಸೆಲ್ಸಿಯಸ್. ಪೂರ್ತಿ ಭಾರದಲ್ಲೂ 80ರ ಒಳಗಿರುವುದು ಒಳ್ಳೆಯದು. ಪರೀಕ್ಷೆ ಶುರುವಾದ ಕೆಲವೇ ಸೆಕೆಂಡುಗಳಲ್ಲಿ 90 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಅರ್ಧ ಎದ್ದಿರುವುದು ತೀರಾ ಸಾಮಾನ್ಯ. ನಿಧಾನವಾಗಿ, ಹತ್ತಿಪ್ಪತ್ತು ನಿಮಿಷದಲ್ಲಿ ಏರಿದರೆ ಕ್ಯಾಬಿನೆಟ್‌ನ ಗಾಳಿ ಓಡಾಟ, ದೂಳು ಅಥವಾ ಒಣಗಿದ ಥರ್ಮಲ್ ಪೇಸ್ಟ್ ನೋಡಿ.

ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಿಂತ ಓವರ್‌ಕ್ಲಾಕ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕೋಣೆಯ ಉಷ್ಣತೆ 14 ಡಿಗ್ರಿ ಏರಿದರೆ ಚಿಪ್ಪಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ, ಎಸಿ ಹಾಕಿಕೊಂಡು ಮಾಡಬೇಡಿ.

ಉಷ್ಣತೆ ಸರಿಯಿದ್ದೂ ಭಾರ ಬಿದ್ದಾಗ ನೀಲಿ ಪರದೆ ಬರುತ್ತದೆಯೇ? ಅದರ ಮೇಲಿನ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಸಂಖ್ಯೆಯ ಕೊನೆ 101 ಅಥವಾ 124 ಇದ್ದರೆ, ಓವರ್‌ಕ್ಲಾಕ್ ಆದ ಯಂತ್ರದಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಪರದೆ ಬಾರದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಡಬ್ಲ್ಯುಎಚ್‌ಇಎ-ಲಾಗರ್’ ಎಂಬ ಹೆಸರು ಹುಡುಕಿ. ಇದ್ದರೆ ಯಂತ್ರ ತಪ್ಪು ಮಾಡಿ ತಾನೇ ತಿದ್ದಿಕೊಳ್ಳುತ್ತಿದೆ, ಯಾವತ್ತೋ ಒಂದು ದಿನ ತಿದ್ದಲಾಗದ ತಪ್ಪು ಬರುತ್ತದೆ. ನಮ್ಮ ಪ್ರಕಾರ ಆ ಸಾಲು ಕಂಡ ಓವರ್‌ಕ್ಲಾಕ್ ನಿಂತಿಲ್ಲ, ಆಟ ಎಷ್ಟು ಗಂಟೆ ಓಡಿದರೂ ಸರಿಯೇ.

ಈ ಹಂತದಲ್ಲಿ ವೋಲ್ಟೇಜ್ ಏರಿಸಬಹುದು, ಒಮ್ಮೆಗೆ 0.01 ಅಥವಾ 0.02 ವೋಲ್ಟ್ ಮಾತ್ರ. ಒಂದು ಬದಲಾವಣೆ, ಒಂದು ಪರೀಕ್ಷೆ, ಪುಸ್ತಕದಲ್ಲಿ ಒಂದು ಸಾಲು. ಮೂರು ಸಂಖ್ಯೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ. ‘ಆಟೊ’ದಲ್ಲಿ ಬಿಟ್ಟರೆ ಅನೇಕ ಬೋರ್ಡ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೊಡುತ್ತವೆ, ಆಗ ಸಮಸ್ಯೆ ಮತ್ತೆ ಬಿಸಿಗೇ ಬಂದು ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ನೀವು 1.35 ಎಂದು ಬರೆದರೂ ಭಾರ ಬಿದ್ದಾಗ ಅದು 1.30ಕ್ಕೆ ಕುಸಿಯಬಹುದು. ಬೇಸಿಗೆಯ ಸಂಜೆ ಊರವರೆಲ್ಲ ಪಂಪ್‌ಸೆಟ್ ಹಾಕಿದಾಗ ಬಲ್ಬು ಮಂಕಾಗುವುದಿಲ್ಲವೇ, ಹಾಗೆ. ಬಯಾಸ್‌ನ ‘ಲೋಡ್‌ಲೈನ್ ಕ್ಯಾಲಿಬ್ರೇಷನ್’ ಈ ಕುಸಿತವನ್ನು ತಡೆಯಲಿಕ್ಕೇ ಇರುವುದು. ಅದನ್ನು ಮಧ್ಯದ ಹಂತದಲ್ಲಿಡಿ. ತುದಿಗೆ ಏರಿಸಿದರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

ಪ್ರೈಮ್95ರ ‘ಸ್ಮಾಲ್’ ಪರೀಕ್ಷೆ ಪಾಸಾಗಿ ‘ಬ್ಲೆಂಡ್’ ಫೇಲಾದರೆ ಅನುಮಾನ ರ‍್ಯಾಮ್ ಕಡೆ ತಿರುಗಬೇಕು. ಮೊದಲನೆಯದು ಬಹುಪಾಲು ಕೋರುಗಳನ್ನಷ್ಟೇ ದುಡಿಸುತ್ತದೆ, ಎರಡನೆಯದು ಮೆಮೊರಿಯನ್ನೂ ಎಳೆಯುತ್ತದೆ. ಹಲವರಿಗೆ ಗೊತ್ತಿಲ್ಲದ ವಿಷಯವೆಂದರೆ ರ‍್ಯಾಮ್ ಡಬ್ಬಿಯ ಮೇಲೆ ಬರೆದ ‘ಎಕ್ಸ್‌ಎಂಪಿ’ ವೇಗವೂ ಒಂದು ಓವರ್‌ಕ್ಲಾಕೇ. 2500ಕೆ ಚಿಪ್ಪಿಗೆ ಇಂಟೆಲ್ ಹೇಳಿದ್ದು ಡಿಡಿಆರ್3-1333. ನೀವು 1866 ಇಟ್ಟು ಪ್ರೊಸೆಸರ್ ಅನ್ನು ದೂರುತ್ತಿರಬಹುದು. ಪ್ರೊಸೆಸರ್ ನಿಲ್ಲುವವರೆಗೆ ರ‍್ಯಾಮ್ ಅನ್ನು 1333ಕ್ಕೆ ಇಳಿಸಿಡಿ.

ಭಾರದಲ್ಲಿ ಗಟ್ಟಿ, ಸುಮ್ಮನಿದ್ದಾಗ ಹ್ಯಾಂಗ್ ಎನ್ನುವ ಜಾತಿಯೊಂದಿದೆ, ತಲೆಕೆಡಿಸುವುದೇ ಅದು. ಕೆಲಸವಿಲ್ಲದಾಗ ಈ ಚಿಪ್ಪು 1.6 ಗಿಗಾಹರ್ಟ್ಜ್‌ಗೆ ಇಳಿದು ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ‘ಆಫ್‌ಸೆಟ್’ ವಿಧಾನದಲ್ಲಿ ನೀವು ಕಳೆದ ಅಂಶ ಆಗಲೂ ಕಳೆಯುತ್ತದೆ, ಉಳಿದದ್ದು ಸಾಲದೆ ಬರುತ್ತದೆ. ಆಫ್‌ಸೆಟ್ ಸ್ವಲ್ಪ ಏರಿಸಿ ನೋಡಿ. ಸ್ಲೀಪ್‌ನಿಂದ ಎದ್ದೇಳದಿದ್ದರೆ ‘ಪಿಎಲ್‌ಎಲ್ ಓವರ್‌ವೋಲ್ಟೇಜ್’ ಆಯ್ಕೆ ಆನ್ ಆಗಿದೆಯೇ ಗಮನಿಸಿ.

ಇಷ್ಟೆಲ್ಲ ಮಾಡಿಯೂ 4.7 ನಿಲ್ಲುತ್ತಿಲ್ಲವೇ? ಹಾಗಾದರೆ ನಿಮ್ಮ ಚಿಪ್ಪಿನ ಅಳತೆ ಅಷ್ಟೇ. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಎರಡು ಚಿಪ್ಪುಗಳು ಒಂದೇ ಸಮ ಇರುವುದಿಲ್ಲ. ಗೆಳೆಯನ ಯಂತ್ರದ ಸಂಖ್ಯೆಗಳನ್ನು ಫಾರ್ವರ್ಡ್ ಮಾಡಿಸಿಕೊಂಡು ಹಾಗೇ ಹಾಕಿದರೆ ನಿಲ್ಲದಿರುವುದು ಇದಕ್ಕೇ. 4.5ಕ್ಕೆ ಇಳಿಸಿದರೆ ಕಳೆದುಕೊಳ್ಳುವುದೇನು? 4.7ರಲ್ಲಿ 57 ನಿಮಿಷ ಹಿಡಿಯುವ ಕೆಲಸ 60 ನಿಮಿಷ ಹಿಡಿಯುತ್ತದೆ.

ಮೊದಲು ನಿಲ್ಲುತ್ತಿತ್ತು, ಈಗ ಇಲ್ಲ

ದೂಳು ತೆಗೆದು ಪೇಸ್ಟ್ ಬದಲಿಸಿದರೂ ಹಳೆಯ ಸಂಖ್ಯೆಗಳು ನಿಲ್ಲದಿದ್ದರೆ ಚಿಪ್ಪು ಸವೆದಿರಬಹುದು. ಹೆಚ್ಚಿನ ವೋಲ್ಟೇಜ್, ಹೆಚ್ಚಿನ ಬಿಸಿಯಲ್ಲಿ ವರ್ಷಗಟ್ಟಲೆ ದುಡಿದ ಟ್ರಾನ್ಸಿಸ್ಟರ್‌ಗಳು ನಿಧಾನವಾಗುತ್ತವೆ, ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಡುತ್ತವೆ. ಇದು ಓವರ್‌ಕ್ಲಾಕ್ ಮಾಡುವವರಿಗೆ ಮಾತ್ರ ಸೀಮಿತವೂ ಅಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಕಂಪನಿ ವೇಗದಲ್ಲೇ ಕುಸಿಯತೊಡಗಿದವು. ಆಟ ತೆರೆದರೆ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು, ಜನ ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಿದ್ದರು. ಚಿಪ್ಪು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದು ಇದಕ್ಕೆ ಕಾರಣ ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಬಯಾಸ್ ಮೂಲಕ ಹಾಕುವ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಈಗಾಗಲೇ ಸವೆದ ಚಿಪ್ಪನ್ನು ಆ ತಿದ್ದುಪಡಿ ಸರಿಮಾಡುವುದಿಲ್ಲ. ನಿಮ್ಮಲ್ಲಿ ಈ ಪೀಳಿಗೆಯ ಯಂತ್ರವಿದ್ದರೆ ಓವರ್‌ಕ್ಲಾಕ್ ಯೋಚನೆಗೆ ಮೊದಲು ಬಯಾಸ್ ಅಪ್‌ಡೇಟ್ ಆಗಿದೆಯೇ ನೋಡಿಕೊಳ್ಳಿ.

ಹಾಗಾದರೆ ಫೋನಿಗೂ ಹೀಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಪ್ಲೇಸ್ಟೋರ್‌ನಲ್ಲಿ ಸಿಗುವ ‘ಸಿಪಿಯು ಬೂಸ್ಟರ್’ ಬಗೆಯ ಆ್ಯಪ್‌ಗಳಿಗೆ ರೂಟ್ ಮಾಡದ ಫೋನಿನಲ್ಲಿ ಪ್ರೊಸೆಸರ್ ವೇಗವನ್ನು ಮುಟ್ಟುವ ಅಧಿಕಾರವೇ ಇರುವುದಿಲ್ಲ. ಹಿನ್ನೆಲೆಯಲ್ಲಿ ಓಡುತ್ತಿರುವ ಬೇರೆ ಆ್ಯಪ್‌ಗಳನ್ನು ಮುಚ್ಚುತ್ತವೆ, ನಡುನಡುವೆ ಜಾಹೀರಾತು ತೋರಿಸುತ್ತವೆ, ಅಷ್ಟೇ.