ಈಥೆಲ್ ವಾಟರ್ಸ್: ಹಾಡಿನೊಳಗಿದ್ದ ನಟಿ

ಅಮೆರಿಕದ ಗಾಯಕಿ, ನಟಿ ಈಥೆಲ್ ವಾಟರ್ಸ್ ಅವರ ಬದುಕನ್ನು ಎರಡು ಹೋಳು ಮಾಡಿ ಹೇಳುವುದು ರೂಢಿ. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕ್ಲಬ್ಬುಗಳಲ್ಲಿ ತುಂಟ ಬ್ಲೂಸ್ ಹಾಡಿ ಕುಣಿಯುತ್ತಿದ್ದ ಸಣಕಲು ಹುಡುಗಿ ಒಂದು ಹೋಳು. ಇಳಿವಯಸ್ಸಿನಲ್ಲಿ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರ ಬೃಹತ್ ಸಭೆಗಳಲ್ಲಿ ದೇವರ ಹಾಡು ಹಾಡುತ್ತಿದ್ದ ಸ್ಥೂಲಕಾಯದ ಅಜ್ಜಿ ಇನ್ನೊಂದು. ಜಾಝ್ ಪ್ರಿಯರು ಮೊದಲನೆಯ ಹೋಳನ್ನು ಎತ್ತಿಕೊಂಡು ಎರಡನೆಯದನ್ನು ಇಳಿಗಾಲವೆಂದು ಬದಿಗಿಡುತ್ತಾರೆ. ಭಕ್ತರು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ತೊಳೆದುಹೋದ ಪಾಪವೆನ್ನುತ್ತಾರೆ. ಈ ಎರಡು ಓದುಗಳೂ ಆಕೆಗೆ ಅನ್ಯಾಯ ಮಾಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಟರ್ಸ್ ಹಾಡುಗಾರಿಕೆಯಿಂದ ನಟನೆಗೆ, ನಟನೆಯಿಂದ ಭಕ್ತಿಗೆ ಜಿಗಿದವರಲ್ಲ. ಹಾಡಿನೊಳಗೆ ಒಬ್ಬ ಮನುಷ್ಯಳನ್ನು ನಿಲ್ಲಿಸುವ ಕೆಲಸವನ್ನು ಅವರು ಮೊದಲ ದಿನಗಳಿಂದ ಕೊನೆಯವರೆಗೂ ಮಾಡುತ್ತಲೇ ಬಂದರು.

ಅವರು ಹುಟ್ಟಿದ್ದು 1896ರ ಅಕ್ಟೋಬರ್ 31ರಂದು, ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬ ಊರಲ್ಲಿ. ತಾಯಿ ಇನ್ನೂ ಹದಿಹರೆಯದವಳು; ಅತ್ಯಾಚಾರದಿಂದ ಬಸಿರಾಗಿ ಹೆತ್ತ ಕೂಸು ಇದು. ಮಗುವನ್ನು ಸಾಕಿದ್ದು ಅಜ್ಜಿ ಸ್ಯಾಲಿ ಆಂಡರ್ಸನ್. ಆಕೆ ಪರರ ಮನೆಗಳಲ್ಲಿ ಕೆಲಸ ಮಾಡಿ ಬದುಕುತ್ತಿದ್ದವಳು. ಈಥೆಲ್‌ಗೆ ಹದಿಮೂರಕ್ಕೇ ಮದುವೆಯಾಯಿತು, ಮದುವೆ ಬೇಗನೆ ಮುರಿದೂ ಹೋಯಿತು. ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕೋಣೆ ಗುಡಿಸುವ ಕೆಲಸ, ವಾರಕ್ಕೆ 4.75 ಡಾಲರ್ ಸಂಬಳ. ಹದಿನೇಳು ತುಂಬಿದ ದಿನ ಗೆಳತಿಯರ ಒತ್ತಾಯಕ್ಕೆ ಹಾಡಿದ್ದನ್ನು ಕೇಳಿದವರು ಬಾಲ್ಟಿಮೋರಿನ ಲಿಂಕನ್ ಥಿಯೇಟರಿಗೆ ಕರೆದರು. ಅಲ್ಲಿಂದ ಊರೂರು ತಿರುಗುವ ರಂಗತಂಡಗಳ ಬದುಕು ಶುರುವಾಯಿತು. ಅಟ್ಲಾಂಟಾದಲ್ಲಿ ಬೆಸ್ಸಿ ಸ್ಮಿತ್ ಹಾಡುತ್ತಿದ್ದ ಕಡೆಯಲ್ಲೇ ಇವರಿಗೂ ಕೆಲಸ ಸಿಕ್ಕಿತು. ಬೆಸ್ಸಿಯದು ಗೋಡೆ ನಡುಗಿಸುವ ಕಂಠ. ತಾನಿರುವಲ್ಲಿ ಇನ್ನೊಬ್ಬಳು ಬ್ಲೂಸ್ ಹಾಡಕೂಡದು ಎಂದು ಆಕೆ ತಾಕೀತು ಮಾಡಿದ್ದನ್ನು ವಾಟರ್ಸ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಕಂಠದೆದುರು ಏರುದನಿಯಲ್ಲಿ ಗೆಲ್ಲುವುದು ಸಾಧ್ಯವಿರಲಿಲ್ಲ. ವಾಟರ್ಸ್ ಬಳಿ ಇದ್ದದ್ದು ಬೇರೆಯೇ ಬಂಡವಾಳ: ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುವ ಉಚ್ಚಾರ, ಒಂದೇ ಸಾಲಿನಲ್ಲಿ ನಗೆಯಿಂದ ನೋವಿಗೆ ಹೊರಳುವ ಧ್ವನಿ, ಮೈಯೆಲ್ಲ ಮಾತಾಡುವ ನಿಲುವು.

1921ರಲ್ಲಿ ಹಾರ್ಲೆಮ್‌ನಲ್ಲಿ ಹ್ಯಾರಿ ಪೇಸ್ ಎಂಬ ಕಪ್ಪು ಉದ್ಯಮಿ ಬ್ಲ್ಯಾಕ್ ಸ್ವಾನ್ ರೆಕಾರ್ಡ್ ಕಂಪನಿ ಶುರು ಮಾಡಿದಾಗ, ಅದಕ್ಕೆ ಮೊದಲ ದೊಡ್ಡ ಗೆಲುವು ತಂದುಕೊಟ್ಟಿದ್ದು ವಾಟರ್ಸ್ ಹಾಡಿದ ‘ಡೌನ್ ಹೋಮ್ ಬ್ಲೂಸ್’. ಅವರಿಗೆ ಪಿಯಾನೋ ನುಡಿಸಿದ ಫ್ಲೆಚರ್ ಹೆಂಡರ್ಸನ್ ಓದಿಕೊಂಡ ಹುಡುಗ. ಬೆರಳಲ್ಲಿ ಬ್ಲೂಸ್ ಇರಲಿಲ್ಲ. ವಾಟರ್ಸ್ ಬಿಡಲಿಲ್ಲ. ಪಿಯಾನೋವಾದಕ ಜೇಮ್ಸ್ ಪಿ. ಜಾನ್ಸನ್ ನುಡಿಸಿದ ಸುರುಳಿಗಳನ್ನು ಯಂತ್ರದ ಪಿಯಾನೋಗೆ ಹಾಕಿ, ತಾವಾಗಿಯೇ ಕೆಳಗಿಳಿಯುವ ಮಣೆಗಳ ಮೇಲೆ ಬೆರಳಿಟ್ಟು ಹೆಂಡರ್ಸನ್ ಆ ನಡೆ ಕಲಿತರು. ಮುಂದೆ ಅಮೆರಿಕದ ದೊಡ್ಡ ಜಾಝ್ ವಾದ್ಯವೃಂದವೊಂದನ್ನು ಕಟ್ಟಿದವರು ಇದೇ ಹೆಂಡರ್ಸನ್. ಸಂಗೀತಶಾಲೆಯ ಮೆಟ್ಟಿಲು ಹತ್ತದ ಹೆಣ್ಣೊಬ್ಬಳು ತನ್ನ ಹಾಡಿಗೆ ಏನು ಬೇಕೆಂದು ಎಷ್ಟು ನಿಖರವಾಗಿ ತಿಳಿದಿದ್ದಳು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

1933ರಲ್ಲಿ, ಬಿಳಿಯ ಗಿರಾಕಿಗಳಿಗಷ್ಟೇ ಮೇಜು ಸಿಗುತ್ತಿದ್ದ ಕಾಟನ್ ಕ್ಲಬ್ಬಿನಲ್ಲಿ ಅವರು ‘ಸ್ಟಾರ್ಮಿ ವೆದರ್’ ಹಾಡಿ ಊರಿನ ಮಾತಾದರು. ಅದನ್ನು ಕೇಳಿದ ಗೀತಕಾರ ಇರ್ವಿಂಗ್ ಬರ್ಲಿನ್ ತಮ್ಮ ‘ಆ್ಯಸ್ ಥೌಸಂಡ್ಸ್ ಚಿಯರ್’ ಪ್ರದರ್ಶನಕ್ಕೆ ಅವರನ್ನು ಸೇರಿಸಿಕೊಂಡರು. ಬಿಳಿಯ ತಾರೆಯರ ಸಾಲಿನಲ್ಲಿ ಒಬ್ಬ ಕಪ್ಪು ಮಹಿಳೆ ಮುಖ್ಯ ಕಲಾವಿದೆಯಾಗಿ ನಿಂತದ್ದು ಬ್ರಾಡ್‌ವೇಯಲ್ಲಿ ಅದೇ ಮೊದಲು. ದಿನಪತ್ರಿಕೆಯ ಪುಟ ತಿರುವಿದಂತೆ ಇಡೀ ಪ್ರದರ್ಶನವನ್ನು ಹೆಣೆಯಲಾಗಿತ್ತು. ಪ್ರತಿ ದೃಶ್ಯಕ್ಕೂ ಒಂದು ತಲೆಬರಹ. ಹವಾಮಾನ ವರದಿಯ ಜಾಗದಲ್ಲಿ ವಾಟರ್ಸ್ ‘ಹೀಟ್ ವೇವ್’ ಹಾಡಿ ಸಭೆಯನ್ನು ಕುಣಿಸುತ್ತಿದ್ದರು. ಮತ್ತೊಂದು ಕಡೆ ಬರುವ ತಲೆಬರಹ, ಉದ್ರಿಕ್ತ ಗುಂಪೊಂದು ಅಪರಿಚಿತ ಕಪ್ಪು ಮನುಷ್ಯನನ್ನು ಕೊಂದ ಸುದ್ದಿ. ಅದರ ಕೆಳಗೆ ಒಬ್ಬ ಹೆಂಗಸು ರಾತ್ರಿಯೂಟಕ್ಕೆ ಅಣಿಮಾಡುತ್ತಿದ್ದಾಳೆ. ಗಂಡ ಇನ್ನು ಬರುವುದಿಲ್ಲ, ಮಕ್ಕಳಿಗೆ ಹೇಗೆ ಹೇಳಲಿ? ‘ಸಪ್ಪರ್ ಟೈಮ್’ ಎಂಬ ಆ ಹಾಡಿನಲ್ಲಿ ಕೊಲೆಯ ವರ್ಣನೆಯಿಲ್ಲ, ಕೂಗಾಟವಿಲ್ಲ. ನಗಲೆಂದು ಹಣ ತೆತ್ತು ಬಂದ ಜನರ ಮುಂದೆ, ಒಂದು ಮನೆಯ ಊಟದ ಹೊತ್ತಿನ ಮೂಲಕ ಇಡೀ ದೇಶದ ಕ್ರೌರ್ಯವನ್ನು ಇಟ್ಟ ಹಾಡು ಅದು. ಒಂದೇ ಸಂಜೆ ಈ ಎರಡು ಹಾಡುಗಳನ್ನೂ ನಂಬಿಸಲು ಒಳ್ಳೆಯ ಕಂಠವಷ್ಟೇ ಸಾಲದು, ಪಳಗಿದ ನಟಿಯೇ ಬೇಕು.

ಇದಕ್ಕೊಂದು ಆಕ್ಷೇಪವಿದೆ, ಅದೂ ವಾಟರ್ಸ್ ಅವರ ಬಾಯಿಂದಲೇ ಬಂದದ್ದು. ‘ಸ್ಟಾರ್ಮಿ ವೆದರ್’ ಹಾಡುವಾಗ ತಾನು ತನ್ನದೇ ಸಂಸಾರದ ಸಂಕಟವನ್ನು ಹಾಡುತ್ತಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. 1939ರಲ್ಲಿ ‘ಮಾಂಬಾಸ್ ಡಾಟರ್ಸ್’ ನಾಟಕದ ಹೇಗರ್ ಪಾತ್ರದಲ್ಲಿ ಕಂಡದ್ದು ತನ್ನ ತಾಯಿಯನ್ನೇ ಎಂದೂ ಹೇಳಿದ್ದಾರೆ. ಹಾಗಾದರೆ ಇದು ನಟನೆಯೋ, ಬರೀ ಅಳುವೋ? ಸ್ವಂತ ನೋವು ಒಂದು ರಾತ್ರಿಯ ಹಾಡಿಗೆ ಬಲ ಕೊಟ್ಟೀತು. ತಿಂಗಳುಗಟ್ಟಲೆ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ, ಅದೇ ಸಾಲಿಗೆ ಪ್ರೇಕ್ಷಕರ ಗಂಟಲು ಕಟ್ಟುವಂತೆ ಮಾಡಲು ನೋವನ್ನು ಹತೋಟಿಯಲ್ಲಿಡುವ ಕಸುಬು ಬೇಕು. ಹೇಗರ್ ಪಾತ್ರದ ವಿಷಯದಲ್ಲಿ ಅಂದಿನ ರಂಗಭೂಮಿಯ ಜನರೇ ಇದಕ್ಕೆ ಸಾಕ್ಷಿ. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬ್ರೂಕ್ಸ್ ಅಟ್ಕಿನ್‌ಸನ್ ಅಭಿನಯವನ್ನು ಮೆಚ್ಚದೆ ಬರೆದಾಗ, ಟಲ್ಲುಲಾ ಬ್ಯಾಂಕ್‌ಹೆಡ್, ಜುಡಿತ್ ಆಂಡರ್ಸನ್ ಮುಂತಾದವರು ಸೇರಿ ಅದೇ ಪತ್ರಿಕೆಯಲ್ಲಿ ಹಣ ತೆತ್ತು ಜಾಹೀರಾತು ಹಾಕಿಸಿ ಆಕೆಯನ್ನು ಕೊಂಡಾಡಿದರು. ಅಟ್ಕಿನ್‌ಸನ್ ಮತ್ತೆ ಹೋಗಿ ನಾಟಕ ನೋಡಿ, ವಾಟರ್ಸ್ ಬಗೆಗಿನ ತಮ್ಮ ಮಾತನ್ನು ತಿದ್ದಿಕೊಂಡರು. 

ಇನ್ನೂ ಗಟ್ಟಿಯಾದ ಆಕ್ಷೇಪ ಮುಂದಿನ ವರ್ಷಗಳದ್ದು. ‘ಕ್ಯಾಬಿನ್ ಇನ್ ದಿ ಸ್ಕೈ’ ಚಿತ್ರದ ಸೆಟ್ಟಿನಲ್ಲಿ ಸಹನಟಿ ಲೀನಾ ಹಾರ್ನ್ ಜೊತೆ ಜಗಳವಾಗಿ, ಹಾಲಿವುಡ್ ಅವರನ್ನು ವರ್ಷಗಟ್ಟಲೆ ದೂರವಿಟ್ಟಿತು. ಮರಳಿ ಕರೆದಾಗ ಕೊಟ್ಟದ್ದು ಅಗಸಗಿತ್ತಿಯ, ಅಡುಗೆಯವಳ ಪಾತ್ರಗಳನ್ನು. 1949ರ ‘ಪಿಂಕಿ’ ಆಸ್ಕರ್ ನಾಮನಿರ್ದೇಶನ ತಂದಿತು ನಿಜ; ಹ್ಯಾಟಿ ಮೆಕ್‌ಡ್ಯಾನಿಯಲ್ ನಂತರ ಆ ಗೌರವ ಕಂಡ ಎರಡನೆಯ ಕಪ್ಪು ಕಲಾವಿದೆ ಅವರು. ಆದರೂ ಬಿಳಿಯರ ಮನೆಯ ನಂಬಿಕಸ್ಥ ಆಳಿನ ಚಿತ್ರವನ್ನೇ ಅವರು ಬಲಪಡಿಸಿದರೆಂಬ ದೂರು ಸುಳ್ಳಲ್ಲ. ದೂರು ನಿಜವಾಗಿ ಸಲ್ಲಬೇಕಾದದ್ದು ಬೇರೆ ಪಾತ್ರ ಬರೆಯದ ಉದ್ಯಮಕ್ಕೆ. ನಟಿಯನ್ನು ತೂಗಬೇಕಾದರೆ ಸಿಕ್ಕ ಪಾತ್ರದೊಳಗೆ ಆಕೆ ಏನು ಮಾಡಿದಳು ಎಂಬುದನ್ನು ನೋಡಬೇಕು. 1950ರಲ್ಲಿ ಕಾರ್ಸನ್ ಮೆಕಲರ್ಸ್ ಅವರ ‘ದಿ ಮೆಂಬರ್ ಆಫ್ ದಿ ವೆಡಿಂಗ್’ ನಾಟಕದ ಅಡುಗೆಯವಳು ಬೆರೆನಿಸ್ ಪಾತ್ರ ಬಂದಾಗ, ಇದರಲ್ಲಿ ದೇವರಿಲ್ಲ ಎಂದು ಮೊದಲು ಬೇಡವೆಂದರು. ಒಪ್ಪಿದ ಮೇಲೆ ತಾವು ಬಾಲ್ಯದಿಂದ ಬಲ್ಲ ‘ಹಿಸ್ ಐ ಈಸ್ ಆನ್ ದಿ ಸ್ಪ್ಯಾರೋ’ ಎಂಬ ಭಕ್ತಿಗೀತೆಯನ್ನು ನಾಟಕದೊಳಗೆ ತಂದರು. ಒಂದು ಗಾಜಿನ ಕಣ್ಣಿನ, ನಾಲ್ಕು ಮದುವೆ ಕಂಡ ಆ ಹೆಂಗಸು ಅಡುಗೆಮನೆಯಲ್ಲಿ ಇಬ್ಬರು ಮಕ್ಕಳನ್ನು ತಬ್ಬಿ ಅದನ್ನು ಹಾಡುವಾಗ ಆಳಾಗಿ ಕಾಣುವುದಿಲ್ಲ, ಆ ಮನೆಯ ಏಕೈಕ ಆಧಾರವಾಗಿ ಕಾಣುತ್ತಾಳೆ. ನಾಟಕ 501 ಪ್ರದರ್ಶನ ಕಂಡಿತು. ಅದೇ ಕಾಲದಲ್ಲಿ ಟಿವಿಯ ‘ಬ್ಯೂಲಾ’ ಸರಣಿಯಲ್ಲಿ ಮನೆಗೆಲಸದವಳಾಗಿದ್ದ ಅವರು ಅದನ್ನು ಬಿಟ್ಟು ಹೊರನಡೆದರು.

ಆ ಗೀತೆಯ ಹೆಸರೇ 1951ರಲ್ಲಿ ಬಂದ ಆತ್ಮಕಥೆಯ ಹೆಸರೂ ಆಯಿತು. ಅಂದರೆ 1957ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಗ್ರಹಾಂ ಸಭೆಗೆ ಹೋಗಿ ಗಾಯನವೃಂದದಲ್ಲಿ ಕುಳಿತು, ಮುಂದೆ ಸುಮಾರು ಎರಡು ದಶಕ ಆ ಸಭೆಗಳಲ್ಲಿ ಹಾಡಿದ ವಾಟರ್ಸ್, ಅಲ್ಲಿಗೆ ಒಯ್ದದ್ದು ರಂಗದ ಮೇಲೆ ಪಳಗಿದ್ದ ಹಾಡನ್ನೇ. ನಾಗರಿಕ ಹಕ್ಕುಗಳ ಹೋರಾಟ ಉರಿಯುತ್ತಿದ್ದ ವರ್ಷಗಳಲ್ಲಿ ಅವರು ಅದರ ಮುಂಚೂಣಿಯಲ್ಲಿ ಕಾಣಲಿಲ್ಲ. ಇದು ಕೊರತೆಯೇ, ‘ಸಪ್ಪರ್ ಟೈಮ್’ ಹಾಡಿದವರಿಂದ ಹೆಚ್ಚು ಬಯಸುವ ಹಕ್ಕು ಕೇಳುಗರಿಗಿತ್ತು. ಆದರೆ ಭಕ್ತಿ ಅವರೊಳಗಿನ ಬ್ಲೂಸ್ ಗಾಯಕಿಯನ್ನು ಹೂತುಹಾಕಿತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. 1977ರಲ್ಲಿ ತೀರಿಕೊಳ್ಳುವುದಕ್ಕೆ ಹದಿನಾರು ವರ್ಷ ಮೊದಲು, ಗ್ರಹಾಂ ಸಭೆ ಸೇರಿಯೂ ನಾಲ್ಕು ವರ್ಷವಾಗಿದ್ದಾಗ, ಅವರು ‘ರೂಟ್ 66’ ಟಿವಿ ಸರಣಿಯ ಒಂದು ಕಂತಿನಲ್ಲಿ ಸಾವಿನಂಚಿನಲ್ಲಿರುವ ಬ್ಲೂಸ್ ಗಾಯಕಿಯಾಗಿ ನಟಿಸಿದರು. ತನ್ನ ಹಳೆಯ ವಾದ್ಯಗಾರರನ್ನು ಕೊನೆಯ ಸಲ ಒಟ್ಟುಗೂಡಿಸಬೇಕೆಂಬುದು ಆ ಪಾತ್ರದ ಆಸೆ. ಜೊತೆಗೆ ಕಾಣಿಸಿಕೊಂಡವರು ಕೋಲ್ಮನ್ ಹಾಕಿನ್ಸ್, ರಾಯ್ ಎಲ್ಡ್ರಿಜ್, ಜೋ ಜೋನ್ಸ್‌ರಂಥ ಜಾಝ್ ದಿಗ್ಗಜರು. ಆ ಪಾತ್ರಕ್ಕಾಗಿಯೇ ವಾಟರ್ಸ್, ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ನಟಿಯಾದರು.